ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ



ಬೆಟ್ಟ ಹತ್ತಿ ಬಂದವರು ಮೊದಲು ಮಾಡುವುದು ಶಿಲುಬೆಯ ಗುರುತು. ಮೆಟ್ಟಿಲು ಹತ್ತಿದ ಏದುಸಿರು ಇನ್ನೂ ಇಳಿದಿರುವುದಿಲ್ಲ, ಅಷ್ಟರಲ್ಲೇ ಕೈ ಹಣೆಗೆ ಹೋಗುತ್ತದೆ, ಎದೆಗೆ ಬರುತ್ತದೆ, ಭುಜದಿಂದ ಭುಜಕ್ಕೆ ದಾಟುತ್ತದೆ. ಕೆಲವರು ನೊಣ ಓಡಿಸಿದ ಹಾಗೆ ಮಾಡುತ್ತಾರೆ, ಅದು ಬೇರೆ ಮಾತು. ಕಚೇರಿಗೆ ತಡವಾದ ದಿನ ನಾನೂ ಹಾಗೇ ಮಾಡಿದ್ದುಂಟು. ಆದರೆ ಬಾಯಲ್ಲಿ ಬರುವ ಮಾತು ಎಲ್ಲರದ್ದೂ ಒಂದೇ. ಪಿತ, ಸುತ, ಪವಿತ್ರಾತ್ಮ ಎಂದು ಮೂವರನ್ನು ಹೇಳಿ, ಕೊನೆಗೆ ‘ನಾಮಗಳಲ್ಲಿ’ ಅನ್ನುವುದಿಲ್ಲ, ‘ನಾಮದಲ್ಲಿ’ ಅಂತೇವೆ. ಮತ್ತಾಯನ ಶುಭಸಂದೇಶದ 28ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಜ್ಞಾನಸ್ನಾನದ ಅಪ್ಪಣೆ ಕೊಡುವಾಗಲೂ ಗ್ರೀಕ್ ಮೂಲದಲ್ಲಿ ಏಕವಚನವೇ ಇದೆ. ಮೂವರು, ಆದರೆ ನಾಮ ಒಂದು. ಇದು ಹೇಗೆ?

ನಾನು ಪಂಡಿತನಲ್ಲ. ಪಿ.ಯು.ಸಿ. ಓದಿ ಈ ಪುಣ್ಯಕ್ಷೇತ್ರದ ಕಚೇರಿಗೆ ಗುಮಾಸ್ತನಾಗಿ ಸೇರಿದವನು. ಬೆಳಗಿನಿಂದ ಸಂಜೆವರೆಗೆ ಹೆಸರು ಬರೆಯುವುದೇ ನನ್ನ ಕೆಲಸ. ಪೂಜೆ ಕೋರಿಕೆಯ ಪುಸ್ತಕ, ಕಾಣಿಕೆಯ ರಸೀದಿ, ಎಲ್ಲದರಲ್ಲೂ ಹೆಸರು, ತಂದೆಯ ಹೆಸರು, ಊರು. ಹೆಸರಿನ ಜೊತೆ ಇಷ್ಟು ವರ್ಷ ಕಳೆದ ಸಲಿಗೆಯಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ದೇವರ ಹೆಸರನ್ನು ಮೋಶೆ ಕೇಳಿದ್ದೂ ಬೆಟ್ಟದಲ್ಲೇ. ಕುರಿ ಮೇಯಿಸುತ್ತಾ ಹೋರೇಬ್ ಬೆಟ್ಟಕ್ಕೆ ಹೋದವನು ಉರಿಯುವ ಪೊದೆಯನ್ನು ಕಂಡ. ನಿನ್ನ ಹೆಸರೇನೆಂದು ಜನ ಕೇಳಿದರೆ ಏನು ಹೇಳಲಿ ಎಂದ. ಬಂದ ಉತ್ತರ ನಮ್ಮ ರಿಜಿಸ್ಟರಿನ ಕಾಲಂನಲ್ಲಿ ಕೂರುವಂಥದ್ದಲ್ಲ. ಹೀಬ್ರೂ ಭಾಷೆಯ ‘ಇರು’ ಎಂಬ ಕ್ರಿಯಾಪದದಿಂದ ಬಂದ ಮಾತು ಅದು. ತಾನು ಇರುವವನು ಎಂದ ದೇವರು. ಅಲ್ಲಿಂದ ಬಂದ ನಾಲ್ಕು ಅಕ್ಷರದ ನಾಮವನ್ನು ಯೆಹೂದ್ಯರು ಭಯಭಕ್ತಿಯಿಂದ ಬಾಯಲ್ಲಿ ಹೇಳುವುದನ್ನೇ ಬಿಟ್ಟರು. ಗ್ರಂಥದಲ್ಲಿ ಅದು ಬಂದ ಕಡೆಯೆಲ್ಲ ‘ಅದೋನಾಯ್’, ಅಂದರೆ ನನ್ನ ಒಡೆಯ, ಎಂದು ಓದುತ್ತಾರೆ. ಗ್ರೀಕರು ‘ಕೀರಿಯೋಸ್’ ಎಂದರು, ಲತೀನಿನಲ್ಲಿ ‘ದೋಮಿನುಸ್’ ಆಯಿತು. ಕನ್ನಡದ ಹಳೆಯ ಬೈಬಲ್ ಇಟ್ಟುಕೊಂಡ ಮನೆಗಳಲ್ಲಿ ‘ಯೆಹೋವ’ ಎಂದು ಓದುತ್ತಾರೆ, ನಾವು ಪೂಜೆಯಲ್ಲಿ ‘ಸರ್ವೇಶ್ವರ’ ಎಂದು ಕೇಳುತ್ತೇವೆ. ಇದಕ್ಕಾಗಿ ಜಗಳವಾಡುವವರನ್ನು ನೋಡಿದ್ದೇನೆ, ಜಗಳಕ್ಕೆ ಕಾರಣವೇ ಇಲ್ಲ. ಆ ನಾಲ್ಕಕ್ಷರದ ನಾಮವನ್ನು ಆರಾಧನೆಯಲ್ಲೂ ಹಾಡಿನಲ್ಲೂ ಉಚ್ಚರಿಸಬೇಡಿ ಎಂದು 2008ರ ಜೂನ್ ತಿಂಗಳಲ್ಲಿ ವ್ಯಾಟಿಕನ್ ಎಲ್ಲಾ ದೇಶಗಳ ಬಿಷಪರ ಮಂಡಳಿಗಳಿಗೆ ಪತ್ರ ಬರೆದಿತು. ಹಳೆಯ ಮರ್ಯಾದೆಯನ್ನೇ ಮುಂದುವರಿಸಿದ್ದು.

ಹೀಗೆ ಯಾರೂ ಬಾಯಿಬಿಟ್ಟು ಹೇಳಲು ಹೆದರುತ್ತಿದ್ದ ದೇವರನ್ನು ಯೇಸುಸ್ವಾಮಿ ಏನೆಂದು ಕರೆದರು? ‘ಅಬ್ಬಾ’. ಅರಮಾಯಿಕ್ ಭಾಷೆಯಲ್ಲಿ ಮನೆಮಕ್ಕಳು ತಂದೆಯನ್ನು ಕರೆಯುವ ಮಾತು. ಗೆತ್ಸೆಮನಿ ತೋಪಿನಲ್ಲಿ, ಪ್ರಾಣಸಂಕಟದ ರಾತ್ರಿ, ಹೀಗೇ ಕರೆದರೆಂದು ಮಾರ್ಕನು ಬರೆದಿದ್ದಾನೆ. ನಮ್ಮ ‘ಅಪ್ಪಾ’ ಅದರ ಪಕ್ಕದಲ್ಲೇ ಇದೆ, ಕೇಳಿ ನೋಡಿ.

ಕಳೆದ ವರ್ಷ ಹಬ್ಬಕ್ಕೆ ಬಂದಿದ್ದ ಒಬ್ಬ ಹಿರಿಯರು, ನಮ್ಮ ಮತದವರಲ್ಲ, ಹರಕೆ ತೀರಿಸಲು ಪ್ರತಿವರ್ಷ ಬರುವವರು, ಕಿಟಕಿಯ ಹತ್ತಿರ ನಿಂತು ಕೇಳಿದರು: “ನಿಮ್ಮಲ್ಲೂ ಮೂವರು, ನಮ್ಮ ಬ್ರಹ್ಮ ವಿಷ್ಣು ಮಹೇಶ್ವರರ ಹಾಗೇ ಅಲ್ವೇ?” ಒಳ್ಳೆಯ ಮನಸ್ಸಿನಿಂದ ಕೇಳಿದ್ದು. ನಾನು ಅಂದೆ, “ಸ್ವಾಮಿ, ಸೃಷ್ಟಿ, ಸ್ಥಿತಿ, ಲಯ ಅಂತ ಮೂರು ಕೆಲಸ ಹೇಳ್ತೀರಲ್ಲ, ನಮ್ಮಲ್ಲಿ ಆ ಹೆಸರುಗಳು ಕೆಲಸದಿಂದ ಬಂದದ್ದಲ್ಲ, ಸಂಬಂಧದಿಂದ ಬಂದದ್ದು.” ಅಷ್ಟು ಹೇಳುವಷ್ಟರಲ್ಲಿ ಹಿಂದಿನವರು ತಳ್ಳಿದರು. ಅವರಿಗೆ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ನನ್ನನ್ನೇ ತೆಗೆದುಕೊಳ್ಳಿ. ಗುಮಾಸ್ತ ಅನ್ನುವುದು ನನ್ನ ಕೆಲಸದ ಹೆಸರು. ನಿವೃತ್ತಿಯಾದ ಮರುದಿನ ಆ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ. ಆದರೆ ನಾನು ನನ್ನ ಮಗಳ ಅಪ್ಪ ಅನ್ನುವುದಕ್ಕೆ ನಿವೃತ್ತಿ ಇಲ್ಲ, ಅಲ್ಲಿ ಬದಲಿ ಕೂರುವವರೂ ಇಲ್ಲ. ಆ ಹೆಸರು ನನ್ನೊಬ್ಬನಿಂದ ಬಂದದ್ದೂ ಅಲ್ಲ. ಅವಳು ಹುಟ್ಟಿದ ದಿನ ನಾನು ಅಪ್ಪನಾದೆ. ‘ಪಿತ’ ಎಂಬುದು ದೇವರ ಸತ್ವದ ಹೆಸರೂ ಅಲ್ಲ, ಕ್ರಿಯೆಯ ಹೆಸರೂ ಅಲ್ಲ, ಸುತನೊಂದಿಗಿನ ಸಂಬಂಧದ ಹೆಸರು ಎಂದು ನಜಿಯಾನ್ಸುಸಿನ ಸಂತ ಗ್ರೆಗೋರಿಯವರು ನಾಲ್ಕನೇ ಶತಮಾನದಲ್ಲೇ ಬೋಧಿಸಿದರು.

ಒಂದು ವ್ಯತ್ಯಾಸ ಮಾತ್ರ ಇದೆ, ಅದು ದೊಡ್ಡದು. ಮಗಳು ಹುಟ್ಟುವ ಮೊದಲು ನಾನು ಅಪ್ಪನಾಗಿರಲಿಲ್ಲ. ದೇವರಲ್ಲಿ ಹಾಗೊಂದು ‘ಮೊದಲು’ ಇಲ್ಲ. ಅಲೆಕ್ಸಾಂಡ್ರಿಯದ ಗುರು ಆರಿಯುಸ್ ಇಲ್ಲೇ ಎಡವಿದ್ದು. ಸುತನು ಇಲ್ಲದ ಕಾಲವೊಂದಿತ್ತು ಎಂದು ಕಲಿಸಿದ. ಹಾಗಾದರೆ ಪಿತನು ಪಿತನಲ್ಲದ ಕಾಲವೂ ಇತ್ತೇ ಎಂದು ಸಂತ ಅಥನಾಸಿಯುಸರು ಎದುರುನಿಂತರು. 325ರಲ್ಲಿ ನಿಸೇಯ ಎಂಬ ಊರಿನಲ್ಲಿ ಬಿಷಪರು ಸಭೆ ಸೇರಿ, ಸುತನು ಪಿತನೊಂದಿಗೆ ಒಂದೇ ಸತ್ವ ಎಂದು ತೀರ್ಮಾನ ಮಾಡಿದರು. ತೀರ್ಮಾನ ಆದ ಮಾತ್ರಕ್ಕೆ ಗಲಾಟೆ ನಿಲ್ಲಲಿಲ್ಲ. ಈ ಒಂದು ಮಾತಿಗಾಗಿ ಅಥನಾಸಿಯುಸರನ್ನು ಐದು ಸಲ ಊರು ಬಿಡಿಸಿದರು. 381ರ ಕಾನ್‌ಸ್ಟಾಂಟಿನೋಪಲ್ ಸಭೆಯಲ್ಲಿ ಪವಿತ್ರಾತ್ಮರ ಬಗ್ಗೆಯೂ ವಿಶ್ವಾಸ ಸಂಗ್ರಹದಲ್ಲಿ ಸೇರಿಸಿದರು. ಭಾನುವಾರ ನಾವು ಅರ್ಧ ಆಕಳಿಸುತ್ತಾ ಹೇಳುವ ವಿಶ್ವಾಸ ಸಂಗ್ರಹ ಇದೇ. ನಿಸೇಯ ಸಭೆಗೆ 2025ರಲ್ಲಿ 1700 ವರ್ಷ ತುಂಬಿತು.

ಇನ್ನೊಂದು ತಪ್ಪು ನಾನೇ ಮಾಡಿದ್ದು. ಧರ್ಮೋಪದೇಶದ ಮಕ್ಕಳಿಗೆ, “ಒಬ್ಬನೇ ಮನುಷ್ಯ ಮನೆಯಲ್ಲಿ ಅಪ್ಪ, ತಾಯಿಗೆ ಮಗ, ಕಚೇರಿಯಲ್ಲಿ ಗುಮಾಸ್ತ, ತ್ರಿತ್ವ ಅಂದರೆ ಹೀಗೆ” ಎಂದು ಬಹಳ ವರ್ಷ ಹೇಳಿಕೊಟ್ಟೆ. ಮಕ್ಕಳಿಗೂ ಬೇಗ ತಿಳಿಯುತ್ತಿತ್ತು. ಒಂದು ದಿನ ಆಗಿನ ಸ್ವಾಮಿಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಆಮೇಲೆ ಒಳಗೆ ಕರೆದು, “ಹಾಗಾದರೆ ಗೆತ್ಸೆಮನಿಯಲ್ಲಿ ಯೇಸು ಯಾರ ಹತ್ತಿರ ಮಾತಾಡಿದರು? ತಮ್ಮ ಹತ್ತಿರವೇ ನಾಟಕ ಮಾಡಿದರೇ?” ಅಂದರು. ನನ್ನ ಬಾಯಿ ಕಟ್ಟಿತು. ಮೂರನೇ ಶತಮಾನದಲ್ಲಿ ಸಬೆಲ್ಲಿಯುಸ್ ಎಂಬಾತನ ಹೆಸರಲ್ಲಿ ಹಬ್ಬಿದ ಪಾಷಂಡವಾದವನ್ನು ನಾನು ಗೊತ್ತಿಲ್ಲದೆ ಪಾಠ ಮಾಡಿದ್ದೆ! ಒಬ್ಬನೇ ಮೂರು ವೇಷ ಹಾಕಿದ್ದಲ್ಲ. ಯೊರ್ದಾನ್ ಹೊಳೆಯಲ್ಲಿ ಸುತನು ನೀರಿನಲ್ಲಿ ನಿಂತಿದ್ದಾನೆ, ಪಿತನ ದನಿ ಮೇಲಿನಿಂದ ಬರುತ್ತಿದೆ, ಪವಿತ್ರಾತ್ಮರು ಪಾರಿವಾಳದಂತೆ ಇಳಿಯುತ್ತಿದ್ದಾರೆ. ಒಂದೇ ಹೊತ್ತಿನಲ್ಲಿ ಮೂವರು.

ಇದೆಲ್ಲ ಪಂಡಿತರ ತರ್ಕ, ನಮಗೇಕೆ ಎನ್ನಬೇಡಿ. ಕೆಲವು ಕಡೆ ‘ಪಿತ, ಸುತ’ ಎಂಬ ಪುರುಷವಾಚಕ ಬೇಡವೆಂದು, ಸೃಷ್ಟಿಕರ್ತ, ವಿಮೋಚಕ, ಪಾವನಗೊಳಿಸುವಾತ ಎಂಬ ಹೆಸರು ಹೇಳಿ ಮಕ್ಕಳಿಗೆ ಜ್ಞಾನಸ್ನಾನ ಕೊಡುತ್ತಿದ್ದರು. ಕೇಳಲು ಚೆನ್ನಾಗಿಯೇ ಇದೆ. ಆದರೆ ಅಂಥ ಜ್ಞಾನಸ್ನಾನ ಸಿಂಧುವಲ್ಲ, ಅವರಿಗೆ ಹೊಸದಾಗಿ ಕೊಡಬೇಕು ಎಂದು 2008ರ ಫೆಬ್ರವರಿಯಲ್ಲಿ ವ್ಯಾಟಿಕನ್ ಪ್ರಕಟಿಸಿತು. ಯಾಕೆಂದರೆ ಆ ಮೂರೂ ಕೆಲಸದ ಹೆಸರು. ಸೃಷ್ಟಿಸಿದ್ದೂ ಮೂವರು, ಪಾವನಗೊಳಿಸುವುದೂ ಮೂವರು. ಜ್ಞಾನಸ್ನಾನದಲ್ಲಿ ಮಗು ಸೇರುವುದು ಒಂದು ಇಲಾಖೆಗಲ್ಲ, ಒಂದು ಮನೆಗೆ. ಗುಮಾಸ್ತನಾದ ನನಗೆ ಆ ಸುದ್ದಿ ಓದಿ ಎದೆ ಝಲ್ ಎಂದಿತು. ದಾಖಲೆ ಪುಸ್ತಕದಲ್ಲಿ ಎಲ್ಲಾ ಕಾಲಂ ಸರಿಯಾಗಿ ತುಂಬಿದ್ದರೂ, ಬಾಯಲ್ಲಿ ಹೇಳಿದ ನಾಮ ತಪ್ಪಿದರೆ ಆ ಸಾಲು ಖಾಲಿ.

ಹಾಗಂತ ‘ತಂದೆ’ ಎಂಬ ಮಾತು ಎಲ್ಲರಿಗೂ ಸಿಹಿಯಲ್ಲ. ಈ ವರ್ಷದ ನೊವೇನದ ದಿನಗಳಲ್ಲಿ ಮೂವತ್ತರ ಒಳಗಿನ ಒಬ್ಬ ಹುಡುಗ ಪೂಜೆ ಚೀಟಿ ಕೊಟ್ಟ. ಮೃತರಿಗಾಗಿ ಎಂದು ಬರೆದಿದ್ದ, ಹೆಸರು ಬರೆದಿರಲಿಲ್ಲ. ಯಾರಿಗಪ್ಪಾ ಎಂದೆ. “ನಮ್ಮಪ್ಪನಿಗೆ ಸಾರ್, ಅಮ್ಮ ಕಳಿಸಿದ್ರು. ಕುಡಿದು ಬಂದು ಅಮ್ಮನಿಗೆ ಹೊಡೀತಿದ್ದ. ಪೂಜೇಲಿ ಎಲ್ಲರೂ ಪರಲೋಕ ಪ್ರಾರ್ಥನೆ ಶುರು ಮಾಡಿದ ಕೂಡ್ಲೇ ನನ್ನ ಬಾಯಿ ಮುಚ್ಚಿಹೋಗುತ್ತೆ. ಆ ಮಾತು ಹೇಳೋಕಾಗಲ್ಲ,” ಅಂದ.

ಅವನಿಗೆ ಏನು ಹೇಳಬೇಕೋ ಹೊಳೆಯಲಿಲ್ಲ. ಸಂತ ಪೌಲರು ಎಫೆಸದವರಿಗೆ ಬರೆದದ್ದು ನೆನಪಾಗಿ, ನನಗೆ ತಿಳಿದಂತೆ ಹೇಳಿದೆ. “ನೋಡಪ್ಪಾ, ನಮ್ಮ ಅಪ್ಪಂದಿರನ್ನು ನೋಡಿ ದೇವರಿಗೆ ಆ ಹೆಸರು ಇಟ್ಟದ್ದಲ್ಲ. ಅದು ಮೊದಲು ಅಲ್ಲಿಯದು. ನಾವು ಅದನ್ನು ಸಾಲ ತಂದವರು. ನಿಮ್ಮಪ್ಪ ಆ ಸಾಲವನ್ನು ತೀರಿಸಲಿಲ್ಲ. ಅದಕ್ಕೆ ಹೆಸರು ಕೆಟ್ಟುಹೋಗಲ್ಲ. ನಿನಗೆ ಬಾಯಿ ಬಾರದಿದ್ರೆ ಸುಮ್ಮನೆ ನಿಂತಿರು. ನಮ್ಮೊಳಗಿದ್ದು ‘ಅಬ್ಬಾ’ ಎಂದು ಕೂಗಿಸುವವರು ಪವಿತ್ರಾತ್ಮರು ಅಂತ ಪೌಲರೇ ರೋಮಿನವರಿಗೂ ಬರೆದಿದ್ದಾರೆ. ನಿನ್ನ ಪರವಾಗಿ ಸುತನು ಆಗಲೇ ಕರೆದಾಗಿದೆ.”

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಸ್ವಲ್ಪ ಹೊತ್ತು ನಿಂತು ಚೀಟಿ ವಾಪಸ್ ಕೇಳಿದ. ನನ್ನ ಪೆನ್ನು ತೆಗೆದುಕೊಂಡು ಖಾಲಿ ಬಿಟ್ಟ ಜಾಗದಲ್ಲಿ ತಂದೆಯ ಹೆಸರು ಬರೆದು ಕೊಟ್ಟ. ಹತ್ತೂವರೆಯ ಪೂಜೆಗೆ ಸೇರಿಸಿದೆ. ಒಳಗೆ ಹೋಗಿ ಬಾಯಿ ತೆರೆದನೋ ಇಲ್ಲವೋ ನೋಡಲಾಗಲಿಲ್ಲ, ಕಿಟಕಿಯ ಮುಂದೆ ಸಾಲು ಮೆಟ್ಟಿಲವರೆಗೆ ಇತ್ತು.