ಎದ್ದವರೂ ಕುಳಿತವನೂ

ತನ್ನವರು ಜಗಳಕ್ಕೆ ಬಿದ್ದಾಗ ಮನುಷ್ಯನ ಧರ್ಮ ಯಾವುದು? ನ್ಯಾಯ ಯಾರ ಕಡೆಗಿದೆಯೆಂದು ವಿಚಾರಿಸಿ ಹೆಜ್ಜೆಯಿಡಬೇಕೆ, ಇಲ್ಲವೆ ಮೊದಲು ಓಡಿಹೋಗಿ ತನ್ನವರ ಪಕ್ಕದಲ್ಲಿ ನಿಂತು ವಿಚಾರವನ್ನು ಆಮೇಲೆ ಮಾಡಬೇಕೆ? ಓದುವ ಕೋಣೆಯಲ್ಲಿ ಕುಳಿತವನಿಗೆ ಇದರ ಉತ್ತರ ಸುಲಭ. ಬೀದಿಯಲ್ಲಿ ಅಷ್ಟು ಸುಲಭವಲ್ಲ. ಅಲ್ಲಿ ವಿಚಾರ ಮಾಡುತ್ತ ಹಿಂದೆ ನಿಂತವನನ್ನು ಯಾರೂ ನ್ಯಾಯವಂತನೆನ್ನುವುದಿಲ್ಲ, ಹೇಡಿಯೆನ್ನುತ್ತಾರೆ, ದ್ರೋಹಿಯೆನ್ನುತ್ತಾರೆ.

ಈ ಹಳೆಯ ಪ್ರಶ್ನೆ ಒಮ್ಮೆ ಹದಿನೇಳು ವರ್ಷದ ಒಬ್ಬ ಹುಡುಗನ ಮುಂದೆ ಬಂದು ನಿಂತಿತು. ದಿನ 1987ರ ಜನವರಿ 4. ಸ್ಥಳ, ಆಗಿನ ಚೆಕೊಸ್ಲೊವಾಕಿಯದ ಪೀಶ್ಟ್ಯಾನಿ. ವಾಹ್ ನದಿಯ ದಂಡೆಯ ಈ ಊರು ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದುದು, ಇಂದು ಸ್ಲೊವಾಕಿಯಕ್ಕೆ ಸೇರಿದುದು. ಕೀಲುನೋವಿನವರು ವಿಶ್ರಾಂತಿ ಬಯಸಿ ಹೋಗುವ ಆ ಊರಿನಲ್ಲಿ ಅಂದು ಇಪ್ಪತ್ತು ವರ್ಷದೊಳಗಿನವರ ವಿಶ್ವ ಐಸ್ ಹಾಕಿ ಚಾಂಪಿಯನ್‌ಷಿಪ್ಪಿನ ಕೊನೆಯ ಆಟ ನಡೆಯುತ್ತಿತ್ತು. ಒಂದು ಕಡೆ ಕೆನಡ, ಇನ್ನೊಂದು ಕಡೆ ಸೋವಿಯತ್ ಒಕ್ಕೂಟ.

ನಮ್ಮಲ್ಲಿ ಹೆಚ್ಚು ಮಂದಿ ಕಾಣದ ಆಟವಾದುದರಿಂದ ಎರಡು ಮಾತು ಹೇಳಬೇಕು. ಮಂಜುಗಡ್ಡೆಯ ಅಂಗಳ, ಅದರ ಸುತ್ತ ಎದೆಮಟ್ಟದ ಹಲಗೆಯ ಗೋಡೆ, ಕಾಲಿಗೆ ಉಕ್ಕಿನ ಅಲಗು ಕೂಡಿಸಿದ ಬೂಟು, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ. ಗೋಲ್‌ಕೀಪರನೂ ಸೇರಿ ಒಂದು ತಂಡದ ಆರು ಮಂದಿ ಅಂಗಳದಲ್ಲಿರುತ್ತಾರೆ. ಉಳಿದವರು ಗೋಡೆಯಾಚೆ ಬೆಂಚಿನ ಮೇಲೆ. ಆಟದ ವೇಗ ಎಂಥದೆಂದರೆ ಒಂದು ನಿಮಿಷದೊಳಗಾಗಿ ಆಟಗಾರ ದಣಿದು ಬೆಂಚಿಗೆ ಮರಳುತ್ತಾನೆ, ಮತ್ತೊಬ್ಬ ಗೋಡೆ ಹಾರಿ ಇಳಿಯುತ್ತಾನೆ. ಆದುದರಿಂದ ಆ ಬೆಂಚು ವಿಶ್ರಾಂತಿಯ ಜಾಗವಲ್ಲ. ಏಳಲು ಸಿದ್ಧರಾಗಿ ಕುಳಿತಿರುವವರ ಜಾಗ.

ಆ ವರ್ಷದ ಸ್ಪರ್ಧೆಗೆ ಫೈನಲ್ ಎಂಬುದಿರಲಿಲ್ಲ. ಎಂಟು ದೇಶಗಳು ಪರಸ್ಪರ ಆಡಿ ಗಳಿಸಿದ ಅಂಕಗಳಿಂದಲೇ ಪದಕ. ಕೆನಡಕ್ಕೆ ಕಂಚು ಆಗಲೇ ಖಚಿತವಾಗಿತ್ತು. ಐದು ಗೋಲುಗಳ ಅಂತರದಲ್ಲಿ ಗೆದ್ದರೆ ಚಿನ್ನವೇ ಸಿಗುತ್ತಿತ್ತು. ಸೋವಿಯತ್ ಹುಡುಗರಿಗೆ ಯಾವ ಪದಕದ ಆಸೆಯೂ ಉಳಿದಿರಲಿಲ್ಲ. ಮೂರು ಅವಧಿಗಳ ಆಟದಲ್ಲಿ ಎರಡನೆಯದು ಮುಗಿಯಲು ಆರು ನಿಮಿಷವಿದ್ದಾಗ ಕೆನಡ 4–2ರಿಂದ ಮುಂದಿತ್ತು. ಆಗ ಒಂದು ಢಿಕ್ಕಿ, ಒಂದು ಕೋಲಿನ ಏಟು. ಅಂಗಳದಲ್ಲಿದ್ದವರು ಕೈಕೈ ಮಿಲಾಯಿಸಿದರು. ಸೋವಿಯತ್ ಬೆಂಚಿನಿಂದ ಒಬ್ಬ ಗೋಡೆ ಹಾರಿದ, ಅವನ ಹಿಂದೆ ಅವನವರು, ಅವರನ್ನು ಕಂಡು ಕೆನಡದವರು. ನಾರ್ವೆಯ ರೆಫರಿ ಹಾನ್ಸ್ ರೋನಿಂಗ್ ಮತ್ತು ಅವರ ಸಹಾಯಕರು ಬಿಡಿಸಲಾರದೆ ಅಂಗಳ ಬಿಟ್ಟುಹೋದರು. ಬೇರೇನೂ ತೋಚದೆ ವ್ಯವಸ್ಥಾಪಕರು ದೀಪಗಳನ್ನೇ ಆರಿಸಿದರು. ಕತ್ತಲಲ್ಲಿಯೂ ಹೊಡೆದಾಟ ನಡೆಯಿತು.

ಕೆನಡದ ಬೆಂಚಿನಲ್ಲಿ ಒಬ್ಬ ಹುಡುಗ ಮಾತ್ರ ಏಳಲಿಲ್ಲ. ಅವನ ಹೆಸರು ಪಿಯೆರ್ ತುರ್ಜೊನ್.

ಏಳದವನ ವಿರುದ್ಧ ಹೇಳುವ ಮಾತು ಹಗುರವಾದುದಲ್ಲ. ಹೊಡೆದಾಟಕ್ಕೂ ಒಂದು ಲೆಕ್ಕವಿದೆ. ಈ ಕಡೆಯ ಒಬ್ಬ ಕುಳಿತರೆ ಆ ಕಡೆಯ ಒಬ್ಬನಿಗೆ ಎದುರಾಳಿಯಿಲ್ಲ. ಅವನು ಹೋಗಿ ಇನ್ನೊಬ್ಬನೊಡನೆ ಸೇರುತ್ತಾನೆ. ನಮ್ಮ ಗೆಳೆಯನೊಬ್ಬನ ಮೇಲೆ ಇಬ್ಬರು ಬೀಳುತ್ತಾರೆ. ನಾನು ಕೈ ಕೊಳೆ ಮಾಡಿಕೊಳ್ಳದಿರುವುದಕ್ಕೆ ಗೆಳೆಯನ ಮುಖ ರಕ್ತವಾಗಬೇಕೆ? ಜಗಳ ನ್ಯಾಯವೋ ಅನ್ಯಾಯವೋ, ಒಟ್ಟಿಗೆ ಉಂಡವರು ಒಟ್ಟಿಗೆ ಪೆಟ್ಟು ತಿನ್ನುವುದೇ ನ್ಯಾಯ. ತುರ್ಜೊನನ ಸಂಗಡಿಗರು ಹೀಗೆಯೇ ಭಾವಿಸಿದರು. ಅವನ ಮೇಲಿನ ಮುನಿಸು ಬಹುಕಾಲ ಉಳಿಯಿತು.

ಈ ವಾದ ನಮಗೆ ಹೊಸದಲ್ಲ. ಜೋಳವಾಳಿ ಎಂಬ ಮಾತು ಹಳಗನ್ನಡ ಬಲ್ಲವರಿಗೆ ಗೊತ್ತು. ಉಂಡ ಅನ್ನದ ಋಣಕ್ಕೆ ಪ್ರಾಣವನ್ನೇ ತೆರುವ ಆ ನಿಷ್ಠೆಯನ್ನು ನಮ್ಮ ಪೂರ್ವಿಕರು ಮೆಚ್ಚಿದರು. ಹಾಗೆ ಮಡಿದವರಿಗೆ ಊರೂರಿನಲ್ಲಿ ವೀರಗಲ್ಲು ನೆಟ್ಟರು. ಆ ನಿಷ್ಠೆಗಾಗಿಯೇ ಪಂಪನ ಕಾಲದಿಂದ ಕನ್ನಡಿಗರು ಕರ್ಣನನ್ನು ಪ್ರೀತಿಸಿದ್ದಾರೆ. ಆದರೆ ಭಾರತದಲ್ಲಿ ಇನ್ನೊಂದು ಸಂಗತಿಯೂ ಇದೆ. ದ್ರೌಪದಿಯನ್ನು ಸಭೆಗೆ ಎಳೆತಂದಾಗ ಕೌರವರಲ್ಲಿ ಒಬ್ಬನಾದ ವಿಕರ್ಣ, ಇದು ಅನ್ಯಾಯವೆಂದು ತನ್ನವರೆದುರಿಗೆ ಹೇಳಿದ. ಅವನನ್ನು ಗದರಿಸಿದವನು ಯಾರು? ಅದೇ ಕರ್ಣ. ಅಷ್ಟು ದೊಡ್ಡ ಮನಸ್ಸಿನವನು ಆ ಒಂದು ಎಳೆಯ ಸ್ವರವನ್ನು ಏಕೆ ಸಹಿಸಲಾರದೆ ಹೋದ?

ನನಗೆ ತೋರುವ ಉತ್ತರ ಇದು. ತಪ್ಪು ಮಾಡುವ ಗುಂಪಿಗೆ ಇರುವ ದೊಡ್ಡ ಸಮಾಧಾನವೆಂದರೆ, ಬೇರೆ ದಾರಿಯೇ ಇರಲಿಲ್ಲ ಎಂಬುದು. ಆ ಸ್ಥಿತಿಯಲ್ಲಿ ಯಾರೇ ಇದ್ದಿದ್ದರೂ ಹಾಗೆಯೇ ಮಾಡುತ್ತಿದ್ದರು, ರಕ್ತ ಬಿಸಿಯಾಗಿತ್ತು, ಯೋಚಿಸಲು ಕಾಲವಿರಲಿಲ್ಲ—ಎಂದು ನಾವು ಹೇಳಿಕೊಳ್ಳುತ್ತೇವೆ. ಅದೇ ಬೆಂಚಿನಲ್ಲಿ, ಅದೇ ಬಣ್ಣದ ಅಂಗಿ ತೊಟ್ಟ, ಅಷ್ಟೇ ವಯಸ್ಸಿನ ಒಬ್ಬ ಕುಳಿತೇ ಇದ್ದರೆ ಈ ಮಾತು ಬಿದ್ದುಹೋಗುತ್ತದೆ. ಏಳದಿರುವುದೂ ಸಾಧ್ಯವಿತ್ತೆಂಬುದಕ್ಕೆ ಅವನೇ ಸಾಕ್ಷಿ. ಅವನು ಬಾಯಿ ತೆರೆಯಬೇಕಾಗಿಲ್ಲ. ಇದ್ದಲ್ಲಿ ಇದ್ದರೆ ಸಾಕು. ಎದುರಾಳಿಯನ್ನು ನಾವು ಬೇಗ ಕ್ಷಮಿಸುತ್ತೇವೆ. ನಮ್ಮ ನೆವವನ್ನು ಕಿತ್ತುಕೊಂಡವನನ್ನು ಕ್ಷಮಿಸುವುದು ಕಷ್ಟ.

ಇದಕ್ಕೆ ಆ ಆಟದ ಚರಿತ್ರೆಯೇ ನಿದರ್ಶನ. ಅಂದು ಪರಸ್ಪರ ವೈರಿಗಳಾಗಿದ್ದ ತಂಡಗಳಿಂದ ಬಂದ ಕೆನಡದ ಬ್ರೆಂಡನ್ ಶಾನಹಾನ್, ಸೋವಿಯತ್‌ನ ಸೆರ್ಗೈ ಫೆದರೊವ್ ಮತ್ತು ವ್ಲದಿಮಿರ್ ಕಾನ್‌ಸ್ಟಾಂಟಿನೊವ್ ಹತ್ತು ವರ್ಷಗಳ ಮೇಲೆ, 1997ರಲ್ಲಿ, ಡೆಟ್ರಾಯಿಟ್ ತಂಡದಲ್ಲಿ ಒಂದಾಗಿ ಆಡಿ ಸ್ಟ್ಯಾನ್ಲಿ ಕಪ್ ಗೆದ್ದರು. ಎರಡು ರಾಜ್ಯಗಳ ಮಾನವೆಂದು ತೋರಿದ ಹಗೆ ಅಷ್ಟು ಬೇಗ ಕರಗಿತು. ಸೋವಿಯತ್ ಒಕ್ಕೂಟವೂ 1991ರಲ್ಲಿಯೇ ಇಲ್ಲವಾಗಿತ್ತು. ಯಾವುದಕ್ಕಾಗಿ ಎದ್ದೆವೆಂದು ಎದ್ದವರು ಹೇಳುತ್ತಿದ್ದರೋ ಅದು ಉಳಿಯಲಿಲ್ಲ.

ಹಿರಿಯರು ಏನು ಮಾಡಿದರು? ಅಂತರರಾಷ್ಟ್ರೀಯ ಒಕ್ಕೂಟದ ಸಭೆ ಎರಡು ತಂಡಗಳನ್ನೂ ಸ್ಪರ್ಧೆಯಿಂದ ಹೊರಹಾಕಿತು. ಇದಕ್ಕೆ ವಿರೋಧವಾಗಿ ಬಿದ್ದ ಮತ ಒಂದೇ, ಕೆನಡದ ಪ್ರತಿನಿಧಿಯದು. ಚಿನ್ನ ಫಿನ್ಲೆಂಡಿನ ಪಾಲಾಯಿತು. ಹೊಡೆದಾಡಿದವರಿಗೆ ಅಂತರರಾಷ್ಟ್ರೀಯ ಆಟಗಳಿಂದ 18 ತಿಂಗಳ ನಿಷೇಧ. ಮುಂದೆ ಬಹುಮಂದಿಗೆ ಅದನ್ನು ಆರು ತಿಂಗಳಿಗೆ ಇಳಿಸಿದರು. ತರಬೇತುದಾರರಿಗೆ ಮೂರು ವರ್ಷ. ಇತ್ತ ಟೊರಾಂಟೊ ತಂಡದ ಒಡೆಯ ಹೆರಾಲ್ಡ್ ಬ್ಯಾಲರ್ಡ್ ಕೆನಡದ ಹುಡುಗರಿಗಾಗಿ ತಾನೇ ಚಿನ್ನದ ಪದಕಗಳನ್ನು ಮಾಡಿಸಿಕೊಟ್ಟ. ಹುಡುಗರ ತಪ್ಪನ್ನು ಕ್ಷಮಿಸುವುದು ಹಿರಿತನ. ಅದಕ್ಕೆ ಚಿನ್ನದ ಮುಲಾಮು ಹಚ್ಚುವುದು ಹಿರಿತನವೆ? ಪದಕ ಕೊಟ್ಟರೆ ಹುಡುಗ ಕಲಿಯುವ ಪಾಠ ಒಂದೇ: ತನ್ನವರೊಡನೆ ಎದ್ದರೆ ತಪ್ಪೂ ಒಪ್ಪಾಗುತ್ತದೆ.

ನಿಷೇಧ ತುರ್ಜೊನನಿಗೆ ತಟ್ಟಲಿಲ್ಲ. ಆದರೆ ಪದಕ ಹೋದುದು ಅವನಿಗೂ ಹೋಯಿತು. ಅವನು ಕುಳಿತುದರಿಂದ ಜಗಳ ನಿಲ್ಲಲಿಲ್ಲ, ತಂಡ ಉಳಿಯಲಿಲ್ಲ. ಮುಂದೆ ಅವನು ಉತ್ತರ ಅಮೆರಿಕದ ರಾಷ್ಟ್ರೀಯ ಹಾಕಿ ಲೀಗಿನಲ್ಲಿ 515 ಗೋಲು ಹೊಡೆದ, 2023ರಲ್ಲಿ ಹಾಕಿಯ ಗೌರವಮಂದಿರಕ್ಕೆ ಸೇರಿದ ಎಂಬುದು ನಿಜ. ಆದರೆ ಅದರಿಂದ ಅಂದಿನ ನಡತೆ ಸರಿಯೆಂದೇನೂ ಸಿದ್ಧವಾಗುವುದಿಲ್ಲ. ಅವನ ಮನಸ್ಸಿನಲ್ಲಿ ಇದ್ದುದು ವಿವೇಕವೋ ಅಂಜಿಕೆಯೋ ಎಂದು ತೀರ್ಪು ಕೊಡುವ ಅಧಿಕಾರವೂ ನಮಗಿಲ್ಲ. ಎದ್ದವರೆಲ್ಲ ಧೈರ್ಯದಿಂದಲೇ ಎದ್ದರೆ? ಕುಳಿತಿದ್ದರೆ ಜೊತೆಯವರು ಏನೆನ್ನುವರೋ ಎಂಬ ಅಂಜಿಕೆಯಿಂದ ಎದ್ದವರೂ ಇರಬಹುದಲ್ಲವೆ?

ಗೆಳೆಯನ ಮೇಲೆ ಇಬ್ಬರು ಬಿದ್ದಾಗ ಓಡಿಹೋಗಿ ಅಡ್ಡ ನಿಲ್ಲುವುದು ಧರ್ಮ. ಅದನ್ನು ನಾನು ಅಲ್ಲಗಳೆಯಲಾರೆ. ಆದರೆ ಅಡ್ಡ ನಿಲ್ಲಲು ಹೋದ ಕೈ ಹೊಡೆಯುವ ಕೈಯಾಗಲು ಒಂದು ಕ್ಷಣ ಸಾಕು. ಆ ಕ್ಷಣವನ್ನು ಗುರುತಿಸುವ ಎಚ್ಚರ ಗುಂಪಿಗೆ ಇರುವುದಿಲ್ಲ, ಒಬ್ಬೊಬ್ಬನಿಗೆ ಮಾತ್ರ ಇರಬಲ್ಲದು. ಹೊಡೆದಾಟವೆಂದರೆ ದೂರ ನಿಲ್ಲುವ ನಾವು ಸಹ ಕಚೇರಿಯ ಗುಂಪುಗಾರಿಕೆಯಲ್ಲಿ, ಜಾತಿಯ ಸಭೆಯಲ್ಲಿ, ಮದುವೆಯ ಮನೆಯ ಮಾತಿನ ಜಗಳದಲ್ಲಿ ದಿನವೂ ಬೆಂಚು ಬಿಟ್ಟು ಏಳುವವರೇ. ಎಲ್ಲರೂ ಕುಳಿತಿರಲಿ ಎಂದು ಬಯಸುವುದು ಲೋಕವನ್ನು ಅರಿಯದ ಮಾತಾದೀತು. ಕುಳಿತವನೊಬ್ಬನಿದ್ದರೆ, ಜಗಳ ಮುಗಿದು ದೀಪ ಹತ್ತಿದ ಮೇಲೆ ಅವನ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳುವಷ್ಟಾದರೂ ನಾವು ಕಲಿಯಬಹುದು.