ಅನುಮಾನದ ಖರ್ಚು ಯಾರದು?

ಬಿಡಿಭಾಗ ತಂದು ಹೊಸ ಕಂಪ್ಯೂಟರ್ ಜೋಡಿಸಿಕೊಂಡವರಿಗೆ ಈ ಸಂಕಟ ಗೊತ್ತಿರುತ್ತದೆ. ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ ಎಲ್ಲ ಕೂಡಿಸಿ ಸ್ವಿಚ್ ಒತ್ತಿದರೆ ಫ್ಯಾನ್ ತಿರುಗುತ್ತದೆ, ಪರದೆಯ ಮೇಲೆ ಬಯಾಸ್ ಬರುತ್ತದೆ. ಸದ್ಯ, ಗೆದ್ದೆವು ಅಂದುಕೊಂಡು ಪೆನ್‌ಡ್ರೈವ್ ಹಾಕಿ ವಿಂಡೋಸ್ ಇನ್‌ಸ್ಟಾಲ್ ಮಾಡಲು ಕೂತರೆ ಅರ್ಧ ದಾರಿಯಲ್ಲಿ ನಿಂತುಬಿಡುತ್ತದೆ. ಬೇಕಾದ ಫೈಲುಗಳನ್ನು ಹಾಕಲು ಆಗುತ್ತಿಲ್ಲ, ಫೈಲ್ ಕೆಟ್ಟಿರಬಹುದು ಅಥವಾ ಕಾಣೆಯಾಗಿರಬಹುದು ಎಂಬ ಒಂದು ಮೆಸೇಜ್. ಕೆಳಗೆ 80070570 ಎಂದು ಕೊನೆಯಾಗುವ ಒಂದು ಕೋಡ್. ಸಾಮಾನು ಹೊಸದು, ಸುರಿದ ದುಡ್ಡೂ ಸಣ್ಣದಲ್ಲ. ಆ ಹೊತ್ತಿಗೆ ನಮ್ಮ ಬಾಯಲ್ಲಿ ಬರುವ ಮೊದಲ ಪ್ರಶ್ನೆ ಯಾವುದು ಹೇಳಿ? "ಏನಾಗಿದೆ" ಅನ್ನುವುದಕ್ಕಿಂತ ಮೊದಲು "ಯಾರು ಹಾಳು ಮಾಡಿದ್ದು" ಅಂತಲೇ ಬರುತ್ತದೆ.

ಎರಡನೆಯ ಪ್ರಶ್ನೆಯನ್ನು ಯಾವಾಗ ಕೇಳಬಹುದು, ಕೇಳಿದರೆ ಅದಕ್ಕೆ ಬೆಲೆ ತೆರುವವರು ಯಾರು ಅನ್ನುವುದರ ಬಗ್ಗೆ ನಾನು ಸ್ವಲ್ಪ ದಿನದಿಂದ ಯೋಚನೆ ಮಾಡುತ್ತಿದ್ದೇನೆ.

ಮೊದಲು ಆ ಮೆಸೇಜನ್ನೇ ನೋಡೋಣ. ಕೆಲವು ಎರರ್‌ಗಳು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತವೆ. ಡಿಸ್ಕ್ ಹಳೆಯ ಎಂಬಿಆರ್ ಪದ್ಧತಿಯಲ್ಲಿದೆ, ಜಿಪಿಟಿಗೆ ಬದಲಿಸಿ ಅನ್ನುತ್ತದೆ. ಬದಲಿಸಿದರೆ ಕೆಲಸ ಮುಗಿಯಿತು. ಟಿಪಿಎಂ 2.0 ಆನ್ ಆಗಿಲ್ಲದಿದ್ದರೆ ವಿಂಡೋಸ್ 11 ಈ ಯಂತ್ರದಲ್ಲಿ ನಡೆಯುವುದಿಲ್ಲ ಅನ್ನುತ್ತದೆ; ಬಯಾಸ್‌ಗೆ ಹೋಗಿ ಆನ್ ಮಾಡಿದರೆ ಸರಿಹೋಗುತ್ತದೆ. ಆದರೆ "ಫೈಲ್ ಕೆಟ್ಟಿದೆ" ಅನ್ನುವುದು ಆ ಜಾತಿಯದಲ್ಲ. ಪೆನ್‌ಡ್ರೈವ್‌ನಲ್ಲಿರುವ ಕುಗ್ಗಿಸಿಟ್ಟ ದೊಡ್ಡ ಫೈಲನ್ನು ಇನ್‌ಸ್ಟಾಲರ್ ತುಂಡು ತುಂಡಾಗಿ ಓದಿ ರ‍್ಯಾಮ್‌ಗೆ ತರುತ್ತದೆ, ಅಲ್ಲಿ ಬಿಡಿಸುತ್ತದೆ, ಇರಬೇಕಾದ ಲೆಕ್ಕಕ್ಕೆ ತಾಳೆಯಾಗುತ್ತದಾ ಅಂತ ನೋಡುತ್ತದೆ, ಆಮೇಲೆ ಎಸ್‌ಎಸ್‌ಡಿಗೆ ಬರೆಯುತ್ತದೆ. ಈ ದಾರಿಯಲ್ಲಿ ಎಲ್ಲೇ ಆಗಲಿ ಒಂದೇ ಒಂದು ಬಿಟ್ ಸೊನ್ನೆ ಇದ್ದದ್ದು ಒಂದಾದರೆ ಸಾಕು, ಲೆಕ್ಕ ತಪ್ಪುತ್ತದೆ. ಲೆಕ್ಕ ತಪ್ಪಿದ್ದು ಎಲ್ಲಿ ಅಂತ ಇನ್‌ಸ್ಟಾಲರ್‌ಗೆ ಗೊತ್ತಾಗುವುದಿಲ್ಲ. ತನ್ನ ಕೈಯಲ್ಲಿರುವುದು ಫೈಲ್, ಹಾಗಾಗಿ ಫೈಲಿನ ಹೆಸರು ಹೇಳುತ್ತದೆ. ಪೆನ್‌ಡ್ರೈವ್ ಕೆಟ್ಟಿರಬಹುದು, ಡೌನ್‌ಲೋಡ್ ಅರೆಬರೆ ಆಗಿರಬಹುದು, ರ‍್ಯಾಮ್ ತಪ್ಪುತ್ತಿರಬಹುದು, ಎಸ್‌ಎಸ್‌ಡಿಯೇ ಸರಿಯಿಲ್ಲದಿರಬಹುದು. ಮೆಸೇಜ್ ಇಲ್ಲಿ ಸಾಕ್ಷಿ ಅಷ್ಟೇ, ತೀರ್ಪು ಕೊಡುವ ಜಡ್ಜ್ ಅಲ್ಲ.

ನನ್ನ ಚಿಕ್ಕಪ್ಪನ ಮಗ ವಿಡಿಯೋ ಎಡಿಟಿಂಗ್ ಮಾಡುವವನು. ಎರಡು ವರ್ಷ ದುಡ್ಡು ಕೂಡಿಟ್ಟು, ಕೆಲವು ಭಾಗ ಆನ್‌ಲೈನ್‌ನಲ್ಲಿ ತರಿಸಿ, ಕೆಲವನ್ನು ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕೊಂಡು, ಅಲ್ಲೇ ಜೋಡಿಸಿಸಿಕೊಂಡು ಬಂದ. ಜೋಡಿಸಿದ್ದು ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ. ಒಂದು ಮೆಷಿನ್‌ಗೆ ಇಷ್ಟು ಅಂತ ಅವನಿಗೆ ಕೂಲಿ. ವಿಂಡೋಸ್ ಮನೆಗೆ ಹೋಗಿ ನಾನೇ ಹಾಕಿಕೊಳ್ಳುತ್ತೇನೆ ಅಂತ ನಮ್ಮವನು ಹೇಳಿದ್ದರಿಂದ ಬಯಾಸ್ ತೋರಿಸಿ ಕೊಟ್ಟು ಕಳಿಸಿದ್ದ. ಮನೆಯಲ್ಲಿ ಹಾಕಲು ಹೋದರೆ ಮೊದಲ ಸಲ 32%ಗೆ ನಿಂತಿತು, ಎರಡನೇ ಸಲ 57%ಗೆ, ಮೂರನೇ ಸಲ 11%ಗೆ.

ಅಂಗಡಿಗೆ ಫೋನ್ ಹೋಯಿತು. "ನಿಮ್ಮ ಹುಡುಗ ಏನೋ ಎಡವಟ್ಟು ಮಾಡಿದಾನೆ ಸರ್, ರ‍್ಯಾಮ್ ಸರಿಯಾಗಿ ಕೂರಿಸಿಲ್ಲ ಅನ್ಸುತ್ತೆ, ಏನ್ ಮುರಿದಾನೋ ಏನೋ" ಅಂತ ಹತ್ತು ನಿಮಿಷ ಮಾತಾಡಿದ. ನಾನು ಪಕ್ಕದಲ್ಲೇ ಇದ್ದೆ. ಸ್ಪೀಕರ್‌ನಲ್ಲಿ ಮಾಲೀಕರು ಹೇಳಿದ್ದು ಕೇಳಿಸಿತು: "ನಾಳೆ ಅವನನ್ನೇ ಕಳಿಸ್ತೀನಿ ಸರ್. ಅವನದೇ ತಪ್ಪಾಗಿದ್ರೆ ಅವನ ಲೆಕ್ಕದಲ್ಲೇ ಮುರ್ಕೊಳ್ತೀನಿ, ನೀವು ಟೆನ್ಶನ್ ಮಾಡ್ಕೋಬೇಡಿ."

ಮರುದಿನ ಬೆಳಿಗ್ಗೆ 10ಕ್ಕೆ ಹುಡುಗ ಬಂದ. ಹೆಚ್ಚು ಮಾತಿಲ್ಲ. "ಮೂರು ಸಲಾನೂ ಬೇರೆ ಬೇರೆ ಕಡೆ ನಿಂತಿದೆ ಅಲ್ವಾ ಸರ್? ಫೈಲ್ ಕೆಟ್ಟಿದ್ರೆ ಒಂದೇ ಕಡೆ ನಿಲ್ಬೇಕಿತ್ತು" ಅಂದ. ಆದರೂ ಮೊದಲು ತನ್ನ ಪೆನ್‌ಡ್ರೈವ್ ಹಾಕಿ ನೋಡಿದ, ಅದೂ ನಿಂತಿತು. ಆಮೇಲೆ ಮೆಮ್‌ಟೆಸ್ಟ್ ಹಾಕಿದ. ಇದು ಆಪರೇಟಿಂಗ್ ಸಿಸ್ಟಂ ಇಲ್ಲದೆಯೇ ಓಡುವ ತಂತ್ರಾಂಶ, ರ‍್ಯಾಮ್‌ನ ಪ್ರತಿ ಕೋಣೆಗೂ ಏನೋ ಬರೆದು, ಬರೆದದ್ದೇ ವಾಪಸ್ ಬರುತ್ತದಾ ಅಂತ ನೋಡುತ್ತದೆ. ಎರಡು ರ‍್ಯಾಮ್ ಕಡ್ಡಿ ಇದ್ದವು. ಮೊದಲನೆಯದು ಒಂಟಿಯಾಗಿ ಪಾಸ್. ಎರಡನೆಯದೂ ಒಂಟಿಯಾಗಿ ಪಾಸ್. ಎರಡನ್ನೂ ಹಾಕಿದರೆ ಕೆಲವೇ ನಿಮಿಷದಲ್ಲಿ ಕೆಂಪು ಸಾಲುಗಳು. ಜಾಗ ಅದಲು ಬದಲು ಮಾಡಿದರೂ ಅದೇ ಕತೆ. ಕೊನೆಗೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅನ್ನುವ ಆಯ್ಕೆ ಆಫ್ ಮಾಡಿ, ರ‍್ಯಾಮಿನ ವೇಗವನ್ನು 6000ದಿಂದ 4800ಕ್ಕೆ ಇಳಿಸಿದ. ಕೆಂಪು ಸಾಲು ಬರಲಿಲ್ಲ. ವಿಂಡೋಸ್ ಒಂದೇ ಸಲಕ್ಕೆ ಹತ್ತಿತು. ಅಷ್ಟರಲ್ಲಿ ಸಂಜೆ 5 ಗಂಟೆ.

ಹಾಗಾದರೆ ತಪ್ಪು ಯಾರದು? ರ‍್ಯಾಮ್ ತಯಾರಿಸಿದವರು 6000 ಅಂತ ಬರೆದಿದ್ದರು, ಒಂದೊಂದಾಗಿ ಹಾಕಿದರೆ ಅದು ಓಡಿತ್ತು. ರ‍್ಯಾಮ್ ನಿಯಂತ್ರಿಸುವ ಭಾಗ ಈಗ ಪ್ರೊಸೆಸರ್ ಒಳಗೇ ಇರುತ್ತದೆ. ಆ ಪ್ರೊಸೆಸರಿಗೆ ಕಂಪನಿ ಭರವಸೆ ಕೊಟ್ಟಿದ್ದು 5200ರವರೆಗೆ ಮಾತ್ರ, ಅದಕ್ಕಿಂತ ಮೇಲೆ ನಡೆದರೆ ನಮ್ಮ ಪುಣ್ಯ. ಮದರ್‌ಬೋರ್ಡ್ ಒಂದೇ ಕ್ಲಿಕ್ಕಿನಲ್ಲಿ 6000ಕ್ಕೆ ಏರಿಸುವ ಸೌಕರ್ಯ ಕೊಟ್ಟಿತ್ತು. ಆ ಕ್ಲಿಕ್ ಮಾಡಿದ್ದು ಹುಡುಗ. ಯಾಕೆಂದರೆ ಗಿರಾಕಿ 6000ಕ್ಕೆ ದುಡ್ಡು ಕೊಟ್ಟಿದ್ದೇನೆ, 6000 ಬರಬೇಕು ಅಂದಿದ್ದ. ಒಬ್ಬೊಬ್ಬರನ್ನೇ ಕರೆದು ಕೇಳಿದರೆ ಎಲ್ಲರ ಉತ್ತರವೂ ಸರಿಯಾಗಿಯೇ ಇದೆ. ತೊಂದರೆ ಇದ್ದದ್ದು ಇವೆಲ್ಲ ಒಂದು ಕಡೆ ಸೇರಿದ್ದರಲ್ಲಿ.

ಹುಡುಗ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಂತ. "ಸರ್, ಓನರ್‌ಗೆ ಒಂದು ಫೋನ್ ಮಾಡಿ ಹೇಳ್ತೀರಾ? ನಾನು ಹೇಳಿದ್ರೆ ನಂಬಲ್ಲ." ನಮ್ಮವನು ಆಗಲೇ ಫೋನ್ ಮಾಡಿದ. "ಅವನದೇನೂ ತಪ್ಪಿಲ್ಲ ಸರ್, ಸೆಟ್ಟಿಂಗ್ ಅಷ್ಟೇ." "ಸರಿ ಬಿಡಿ ಸರ್, ಆಯ್ತಲ್ಲ." ಆರೋಪ ಹತ್ತು ನಿಮಿಷದ್ದು, ಬಿಡುಗಡೆ ಅರ್ಧ ನಿಮಿಷದ್ದು. ಆ ದಿನದ ಅವನ ಕೂಲಿ ಹೋಯಿತೋ ಉಳಿಯಿತೋ ನಾವ್ಯಾರೂ ಕೇಳಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಒಂದು ಬೇಡಿಕೆ. ಅವತ್ತು ರ‍್ಯಾಮ್ ಕಡ್ಡಿಯನ್ನೂ ನಾಲ್ಕು ಸಲ ಕಿತ್ತು ಹಾಕಿದ್ದಾಯಿತು, ಎಸ್‌ಎಸ್‌ಡಿಯನ್ನೂ ಶಂಕಿಸಿದ್ದಾಯಿತು. ಪರೀಕ್ಷೆ ಮುಗಿದ ಮೇಲೆ ಅವಕ್ಕೆ ಏನೂ ಬೇಕಿರಲಿಲ್ಲ. ಹುಡುಗನಿಗೆ ಮಾತ್ರ ಒಂದು ಫೋನ್ ಕಾಲ್ ಬೇಕಿತ್ತು.

ಕನ್ನಡದಲ್ಲಿ ಅನುಮಾನ ಅನ್ನುವ ಪದಕ್ಕೆ ಎರಡು ಮುಖ ಇದೆ. ತರ್ಕಶಾಸ್ತ್ರದವರಿಗೆ ಅನುಮಾನ ಎಂದರೆ ಕಂಡ ಹೊಗೆಯಿಂದ ಕಾಣದ ಬೆಂಕಿಯನ್ನು ತಿಳಿಯುವ ದಾರಿ, ಅಂದರೆ ಒಂದು ಪ್ರಮಾಣ. ನಮ್ಮ ಮನೆಮಾತಿನಲ್ಲಿ ಅನುಮಾನ ಎಂದರೆ ಶಂಕೆ. ಯಂತ್ರದ ಮುಂದೆ ಕೂತಾಗ ಎರಡೂ ಒಂದೇ ಕೆಲಸ ಮಾಡುತ್ತವೆ. ಎಲ್ಲ ಭಾಗದ ಮೇಲೂ ಶಂಕೆಯಿಡು, ಒಂದು ಸಲಕ್ಕೆ ಒಂದನ್ನೇ ಬದಲಿಸು, ಅದಿದ್ದಾಗ ತೊಂದರೆ ಇದೆಯಾ, ಅದಿಲ್ಲದಾಗ ತೊಂದರೆ ಹೋಗುತ್ತದಾ ನೋಡು. ನೈಯಾಯಿಕರು ಅನ್ವಯ, ವ್ಯತಿರೇಕ ಅಂತ ಕರೆದದ್ದು ಇದನ್ನೇ. ಹುಡುಗ ಆ ಹೆಸರು ಕೇಳಿರಲಿಕ್ಕಿಲ್ಲ, ಮಾಡಿದ್ದು ಮಾತ್ರ ಅದನ್ನೇ.

ಅದೇ ಶಾಸ್ತ್ರದಲ್ಲಿ ಒಂದು ಕತ್ತೆಯೂ ಬರುತ್ತದೆ. ಕುಂಬಾರನ ಮನೆಗೆ ಮಣ್ಣು ಹೊತ್ತು ತರುವ ಕತ್ತೆ. ಮಡಕೆ ತಯಾರಾಗುವ ಮೊದಲು ಕತ್ತೆ ಅಲ್ಲಿತ್ತು ನಿಜ. ಹಾಗಂತ ಕತ್ತೆ ಮಡಕೆಗೆ ಕಾರಣ ಅಲ್ಲ. ಮೊದಲೇ ಹಾಜರಿದ್ದು ಕಾರಣವಲ್ಲದ ಇಂಥವನ್ನು ಅನ್ಯಥಾಸಿದ್ಧ ಅನ್ನುತ್ತಾರೆ. ನಮ್ಮ ಆಫೀಸುಗಳಲ್ಲಿ ಈ ಕತ್ತೆಯ ಪಾಡು ದಿನಾ ನೋಡಬಹುದು. ರಾತ್ರಿ ಸರ್ವರ್ ಬಿದ್ದರೆ ಮೊದಲ ಪ್ರಶ್ನೆ, "ಲಾಸ್ಟ್ ಡಿಪ್ಲಾಯ್ ಯಾರದು?" ಕೊನೆಗೆ ಮುಟ್ಟಿದವನು ಹತ್ತಿರದಲ್ಲಿ ಇದ್ದ ಅನ್ನುವುದಷ್ಟೇ ನಮಗೆ ಗೊತ್ತಿರುವುದು. 2012ರಲ್ಲಿ ಎಟ್ಸಿ ಕಂಪನಿಯ ಜಾನ್ ಆಲ್ಸ್‌ಪಾ ದೂಷಣೆಯಿಲ್ಲದ ಪೋಸ್ಟ್‌ಮಾರ್ಟಂ ಬಗ್ಗೆ ಬರೆದ ಮೇಲೆ ಆ ಮಾತು ಸಾಫ್ಟ್‌ವೇರ್ ಲೋಕದಲ್ಲಿ ಹರಡಿತು. ಶಿಕ್ಷೆಯ ಭಯ ಇದ್ದರೆ ಜನ ನಡೆದದ್ದನ್ನು ಮುಚ್ಚಿಡುತ್ತಾರೆ, ಆಮೇಲೆ ಕಾರಣವೂ ಸಿಗುವುದಿಲ್ಲ ಅನ್ನುವುದು ಅದರ ತಿರುಳು. ಒಳ್ಳೆಯ ಮಾತು. ಆದರೆ ಅದು ದೂಷಣೆ ಯಾಕೆ ಬೇಡ ಅನ್ನುವುದಕ್ಕೆ ಕಂಪನಿಯ ಲಾಭದ ಲೆಕ್ಕ ಕೊಡುತ್ತದೆ. ದೂಷಣೆ ಹೊತ್ತವನಿಗೆ ಏನಾಯಿತು ಅನ್ನುವ ಲೆಕ್ಕ ಬೇರೆಯೇ ಇದೆ.

ಫ್ರಾನ್ಸಿನ ಭೌತಶಾಸ್ತ್ರಜ್ಞ ಪಿಯರ್ ದುಹೆಮ್ 1906ರಲ್ಲಿ ಪುಸ್ತಕವಾಗಿ ಬಂದ ತನ್ನ ಕೃತಿಯಲ್ಲಿ ಒಂದು ಹೋಲಿಕೆ ಕೊಡುತ್ತಾನೆ. ನಿಂತ ಗಡಿಯಾರ ಕೊಟ್ಟರೆ ರಿಪೇರಿಯವನು ಎಲ್ಲ ಚಕ್ರ ಬಿಚ್ಚಿ ಒಂದೊಂದನ್ನೇ ನೋಡಿ ಕೆಟ್ಟದ್ದನ್ನು ಹುಡುಕುತ್ತಾನೆ. ವೈದ್ಯ ಹಾಗೆ ರೋಗಿಯನ್ನು ಬಿಚ್ಚಿ ನೋಡಲಾರ. ಇಡೀ ದೇಹದಲ್ಲಿ ಕಾಣುವ ಲಕ್ಷಣದಿಂದಲೇ ಊಹಿಸಬೇಕು. ವಿಜ್ಞಾನಿಯ ಸ್ಥಿತಿ ವೈದ್ಯನದು, ಗಡಿಯಾರದವನದಲ್ಲ ಅನ್ನುವುದು ಅವನ ವಾದ. ನನಗೆ ಬೇಕಾಗಿರುವುದು ಆ ಹೋಲಿಕೆಯ ಅರ್ಧ ಮಾತ್ರ. ಕಂಪ್ಯೂಟರ್ ಗಡಿಯಾರದ ಹಾಗೆ. ಬಿಚ್ಚಿ, ನೋಡಿ, ಮತ್ತೆ ಜೋಡಿಸಿದರೆ ಮೊದಲಿನಂತೆಯೇ ಇರುತ್ತದೆ. ಮನುಷ್ಯ ಹಾಗಲ್ಲ. ಅವನನ್ನು ಪರೀಕ್ಷೆಗೆ ಒಡ್ಡಿದ್ದೇ ಅವನಲ್ಲಿ ಏನೋ ಒಂದನ್ನು ಬದಲಿಸುತ್ತದೆ. ಯಂತ್ರಕ್ಕೆ ಶಂಕೆ ಒಂದು ಪರೀಕ್ಷೆ; ಮನುಷ್ಯನಿಗೆ ಅದು ತೀರ್ಪಿಗೂ ಮೊದಲೇ ಶುರುವಾದ ಶಿಕ್ಷೆ.

ಮನೆಗೆಲಸದವರ ವಿಷಯದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಓಲೆ ಕಾಣೆಯಾದರೆ ಅಪಾರ್ಟ್‌ಮೆಂಟಿನಲ್ಲಿ ಮೊದಲು ಯಾರ ನೆನಪಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಎರಡು ದಿನ ಬಿಟ್ಟು ಓಲೆ ಮಂಚದ ಸಂದಿಯಲ್ಲಿ ಸಿಗುತ್ತದೆ. ಅಷ್ಟರೊಳಗೆ ಎದುರುಮನೆಗೂ ಸೆಕ್ಯುರಿಟಿಗೂ ಸುದ್ದಿ ಹೋಗಿರುತ್ತದೆ. ಓಲೆ ಸಿಕ್ಕಿದ ಸುದ್ದಿ ಮಾತ್ರ ಮನೆಯ ಒಳಗೇ ಉಳಿಯುತ್ತದೆ. ಆಕೆ ಇನ್ನೊಂದು ಮನೆ ಹುಡುಕುವಾಗ ಅರ್ಧ ಸುದ್ದಿಯೇ ಅವಳ ಜೊತೆ ಹೋಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಇದೆ, ಅದು ಹಗುರವಾದದ್ದೂ ಅಲ್ಲ. ಹಾಗಾದರೆ ಯಾರನ್ನೂ ಶಂಕಿಸಲೇಬಾರದಾ? ಹಳೇ ಎಸ್‌ಎಸ್‌ಡಿಯನ್ನು ಹೊಸದೆಂದು ಮಾರುವವರು ಇದ್ದಾರೆ, ಪ್ರೊಸೆಸರ್ ಕೂರಿಸುವ ಸಾಕೆಟ್ಟಿನ ಪಿನ್ ಬಗ್ಗಿಸಿ ಸುಮ್ಮನಿರುವವರೂ ಇದ್ದಾರೆ. ಎಲ್ಲರೂ ಒಳ್ಳೆಯವರು ಅಂದುಕೊಂಡರೆ ಮೋಸ ಹೋಗುವುದು ಖಚಿತ.

ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಶಂಕೆಯ ಸರದಿಯ ಬಗ್ಗೆ. ಟ್ರಬಲ್‌ಶೂಟಿಂಗ್ ಮಾಡುವವರಿಗೆ ಒಂದು ಸಾದಾ ನಿಯಮ ಗೊತ್ತು: ಕಾರಣವಾಗಿರುವ ಸಾಧ್ಯತೆ ಹೆಚ್ಚಿರುವುದನ್ನು, ಪರೀಕ್ಷಿಸಲು ಖರ್ಚು ಕಡಿಮೆ ಇರುವುದನ್ನು ಮೊದಲು ನೋಡು. ಪೆನ್‌ಡ್ರೈವ್ ಬದಲಿಸಲು ಹತ್ತು ನಿಮಿಷ ಸಾಕು, ಮದರ್‌ಬೋರ್ಡ್ ಬದಲಿಸಲು ವಾರ ಬೇಕು. ಹಾಗಾಗಿ ಯಾರೂ ಮದರ್‌ಬೋರ್ಡ್‌ನಿಂದ ಶುರು ಮಾಡುವುದಿಲ್ಲ. ಈ ಲೆಕ್ಕಕ್ಕೆ ಶಂಕೆಗೆ ಗುರಿಯಾದವನ ಖರ್ಚನ್ನೂ ಸೇರಿಸಿ ಅನ್ನುವುದಷ್ಟೇ ನನ್ನ ಮಾತು. ಒಬ್ಬ ಮನುಷ್ಯನ ಕಡೆ ಬೆರಳು ತೋರಿಸುವುದು ನಮಗೆ ಪುಕ್ಕಟೆ, ಒಂದು ಫೋನ್ ಕಾಲ್ ಅಷ್ಟೇ. ಅದಕ್ಕೇ ಅದು ಪಟ್ಟಿಯಲ್ಲಿ ಮೇಲೆ ಬಂದು ಕೂರುತ್ತದೆ. ಆದರೆ ಬಿಲ್ಲು ಇನ್ನೊಬ್ಬರ ಹೆಸರಿಗೆ ಹೋಗಿರುತ್ತದೆ. ದಿನದ ಕೂಲಿ, ಮಾಲೀಕರ ನಂಬಿಕೆ, ಮುಂದಿನ ಕೆಲಸ, ಎಲ್ಲ ಆ ಬಿಲ್ಲಿನಲ್ಲಿ ಸೇರಿರುತ್ತದೆ. ಆ ಖರ್ಚನ್ನು ನಮ್ಮದೇ ಜೇಬಿನಿಂದ ಹೋಗುವಂತೆ ಲೆಕ್ಕ ಹಾಕಿದರೆ ಮನುಷ್ಯನ ಹೆಸರು ಪಟ್ಟಿಯ ಕೆಳಗೆ ತಾನಾಗಿಯೇ ಇಳಿಯುತ್ತದೆ. ಪೆನ್‌ಡ್ರೈವ್ ಆಗಿ, ರ‍್ಯಾಮ್ ಆಗಿ, ಸೆಟ್ಟಿಂಗ್ ಆಗಿ, ಆಮೇಲೂ ಉತ್ತರ ಸಿಗದಿದ್ದರೆ ಕೇಳೋಣ. ಕೇಳುವಾಗಲೂ "ನೀನು ಏನು ಮಾಡಿದೆ" ಅನ್ನುವುದಕ್ಕೂ "ಜೋಡಿಸುವಾಗ ಏನಾದರೂ ಗಮನಕ್ಕೆ ಬಂದಿತ್ತಾ" ಅನ್ನುವುದಕ್ಕೂ ಬಹಳ ವ್ಯತ್ಯಾಸ ಇದೆ. ಎರಡನೆಯ ಪ್ರಶ್ನೆಗೆ ನಿಜವಾದ ಉತ್ತರ ಸಿಗುವ ಸಾಧ್ಯತೆಯೂ ಹೆಚ್ಚು.

ಇಷ್ಟೆಲ್ಲ ಮಾಡಿಯೂ ಶಂಕೆ ತಪ್ಪಾಗಬಹುದು. ಆಗ ಒಂದು ಸಾಲ ಉಳಿಯುತ್ತದೆ. ಆರೋಪವನ್ನು ಯಾರು ಯಾರ ಮುಂದೆ ಹೇಳಿದ್ದೆವೋ, ಅದು ಸುಳ್ಳಾಯಿತು ಅನ್ನುವುದನ್ನು ಅವರೆಲ್ಲರ ಮುಂದೆ, ಅಷ್ಟೇ ಹೊತ್ತು, ಅಷ್ಟೇ ಗಟ್ಟಿಯಾಗಿ ಹೇಳಬೇಕು. ಶಂಕೆಗೆ ಗುರಿಯಾದವರು ಅದನ್ನು ಬಾಯಿಬಿಟ್ಟು ಕೇಳುವವರೆಗೆ ಕಾಯಬಾರದು. ಹೆಚ್ಚಿನವರು ಕೇಳುವುದೇ ಇಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಸುಮ್ಮನೆ ಹೋಗಿಬಿಡುತ್ತಾರೆ.