ದವಾಖಾನೆಯ ನಂಬಿಕೆ ಮತ್ತು ನಮ್ಮ ಪ್ರಶ್ನೆ

ಹಿಂದೆ ಮನೆಗೊಬ್ಬ ಡಾಕ್ಟರಿದ್ದರು, ಅವರ ಮೇಲೆ ನಂಬಿಕೆ ಇತ್ತು, ಈಗ ಎಲ್ಲ ವ್ಯಾಪಾರವಾಯಿತು ಎಂಬ ಮಾತು ಕಲಬುರಗಿಯ ಓದಿದವರ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಚರ್ಮದ ಚೀಲ ಹಿಡಿದು ಮನೆಬಾಗಿಲಿಗೆ ಬರುತ್ತಿದ್ದ, ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ಬೇನೆಯನ್ನೂ ಬಲ್ಲ ಆ ಡಾಕ್ಟರನ್ನು ನೆನೆದು ಅವರು ನಿಟ್ಟುಸಿರು ಬಿಡುತ್ತಾರೆ. ಈ ನಿಟ್ಟುಸಿರನ್ನು ಗೇಲಿ ಮಾಡುವ ಅಗತ್ಯವಿಲ್ಲ. ಆದರೆ ಒಂದು ಮಾತು ಕೇಳಲೇಬೇಕಾಗಿದೆ. ಆ ಡಾಕ್ಟರು ಯಾರ ಮನೆಬಾಗಿಲಿಗೆ ಬರುತ್ತಿದ್ದರು? ಕೇರಿಗೆ ಬರುತ್ತಿದ್ದರೆ? ತಾಂಡಾಕ್ಕೆ ಬರುತ್ತಿದ್ದರೆ?

ಅಂಬೇಡ್ಕರರು 1930ರ ದಶಕದಲ್ಲಿ ಬರೆದಿಟ್ಟ, 1990ರಲ್ಲಷ್ಟೇ ಪುಸ್ತಕವಾಗಿ ಬಂದ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮಾಸ್ತರನ ಪತ್ರವಿದೆ. 1929ರ ಡಿಸೆಂಬರಿನಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅಚ್ಚಾಗಿದ್ದ ಪತ್ರ ಅದು. ಮಾಸ್ತರನ ಹೆಂಡತಿ ಹಡೆದ ಎರಡು ದಿನಕ್ಕೆ ಕಾಯಿಲೆ ಬಿದ್ದಳು. ಡಾಕ್ಟರು ಕೇರಿಗೆ ಬರಲು ಒಪ್ಪಲಿಲ್ಲ. ಊರ ದೊಡ್ಡವರ ಶಿಫಾರಸು ಹಿಡಿದು, ಎರಡು ರೂಪಾಯಿ ಫೀಜಿನ ಖಾತ್ರಿ ಕೊಡಿಸಿದ ಮೇಲೆ, ಕೇರಿಯ ಹೊರಗಾದರೆ ಮಾತ್ರ ನೋಡುತ್ತೇನೆ ಎಂಬ ಷರತ್ತಿನ ಮೇಲೆ ಬಂದರು. ಬಾಣಂತಿಯನ್ನೂ ಹಸುಗೂಸನ್ನೂ ಹೊರಗೆ ತಂದರು. ಡಾಕ್ಟರು ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟರು, ಅವನು ಮಾಸ್ತರನಿಗೆ ಕೊಟ್ಟ, ಮಾಸ್ತರ ಹೆಂಡತಿಗೆ ಕೊಟ್ಟ. ಅದೇ ದಾರಿಯಲ್ಲಿ ಅದು ವಾಪಸು ಹೋಯಿತು. ದೀಪದ ಬೆಳಕಿನಲ್ಲಿ ನೋಡಿ ನ್ಯುಮೋನಿಯಾ ಎಂದರು. ಮತ್ತೆ ಕರೆದಾಗ ಬರಲಿಲ್ಲ. ಆಕೆ ಸತ್ತಳು.

ಆ ಡಾಕ್ಟರಿಗೆ ವಿದ್ಯೆ ಇತ್ತು, ಸಾಧನವೂ ಇತ್ತು. ಜ್ವರ ಎಷ್ಟೆಂದು ತಿಳಿಯಿತು, ಆದರೆ ಜ್ವರ ಬಂದವಳು ಅವರ ಲೆಕ್ಕಕ್ಕೆ ಬರಲಿಲ್ಲ. ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಮಾಸ್ತರರು ಬಹಳ ಮಂದಿ ಇದ್ದೀರಿ. ಪತ್ರ ಬರೆದವನೂ ನಿಮ್ಮಂತೆಯೇ ಅಕ್ಷರ ಬಲ್ಲವ. ಆದರೂ ಡಾಕ್ಟರ ಮುಂದೆ ಅವನಿಗೆ ಬೇಡುವ ಬಾಯಿ ಇತ್ತೇ ಹೊರತು ಪ್ರಶ್ನಿಸುವ ಬಾಯಿ ಇರಲಿಲ್ಲ. ಕುಟುಂಬ ವೈದ್ಯ ಎಂಬ ಆ ಹಳೆಯ ನಂಬಿಕೆಯ ಹೊರಬಾಗಿಲಲ್ಲಿ ನಿಂತವರ ಕತೆ ಇದು. ಇಲ್ಲದ ನಂಬಿಕೆಯನ್ನು ನಾವು ಕಳೆದುಕೊಳ್ಳುವುದಾದರೂ ಹೇಗೆ?

ಈಗ ಕಾಲ ಬದಲಾಗಿದೆ ಎನ್ನುತ್ತಾರೆ. ಬದಲಾಗಿದೆ, ನಿಜ. ಕಲಬುರಗಿಯಲ್ಲಿ 1963ರಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಶುರುವಾಯಿತು. ಇಂದು ಆ ಊರಲ್ಲಿ ನಾಲ್ಕು ವೈದ್ಯಕೀಯ ಕಾಲೇಜುಗಳಿವೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ಈಗ ತಾಲ್ಲೂಕು ಕೇಂದ್ರ. ಅಲ್ಲಿಯ ಕೂಲಿಯವರು, ಸುತ್ತಿನ ತಾಂಡಾದವರು, ದೊಡ್ಡ ಬೇನೆ ಬಂದರೆ 30 ಕಿಲೋಮೀಟರಿಗೂ ಮಿಕ್ಕ ದಾರಿ ಹಿಡಿದು ಕಲಬುರಗಿಗೆ ಬರುತ್ತಾರೆ. ದುಡ್ಡು ಕಟ್ಟಿದರೆ ಯಾವ ದವಾಖಾನೆಯೂ ಒಳಗೆ ಬಿಟ್ಟುಕೊಳ್ಳುತ್ತದೆ. ಆದರೆ ಒಳಗೆ ಹೋದ ಮೇಲೆ ಬರುವ ಮಾತು ಯಾವುದು? “ನಮಗೇನ್ ತಿಳೀತದ್ರೀ ಸಾಹೇಬ್ರ, ನೀವು ಹ್ಯಾಂಗ ಹೇಳ್ತೀರಿ ಹಂಗ.”

ಇದನ್ನು ನಂಬಿಕೆ ಎಂದು ಕರೆಯುವವರಿದ್ದಾರೆ. ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತುವಾಗ ಗೌಡರ ಮುಂದೆ, ಸಾಹುಕಾರರ ಮುಂದೆ ನಮ್ಮ ಹಿರಿಯರು ಹೇಳಿದ್ದೂ ಇದೇ ಮಾತು. ಅಲ್ಲಿ ಅದನ್ನು ನಾವು ನಂಬಿಕೆ ಎನ್ನಲಿಲ್ಲ, ಜೀತ ಎಂದೆವು. ದವಾಖಾನೆಯಲ್ಲಿ ಮಾತ್ರ ಅದು ಹೇಗೆ ನಂಬಿಕೆಯಾಗುತ್ತದೆ?

ಈ ‘ನಂಬಿಕೆ’ಗೆ ತೆತ್ತ ಬೆಲೆ ನಮ್ಮ ಜಿಲ್ಲೆಗೆ ಗೊತ್ತು. ಹೊಟ್ಟೆನೋವು, ಸೊಂಟನೋವು, ಬಿಳಿಮುಟ್ಟು ಎಂದು ಹೋದ ಲಂಬಾಣಿ, ದಲಿತ ಹೆಣ್ಣುಮಕ್ಕಳಿಗೆ ಕೆಲವು ಖಾಸಗಿ ಆಸ್ಪತ್ರೆಗಳು ಗರ್ಭಚೀಲ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ ಎಂದು ಹೆದರಿಸಿ ಆಪರೇಶನ್ ಮಾಡಿದ ಆರೋಪ ಎದ್ದಿತು. 2015ರಲ್ಲಿ ಆರೋಗ್ಯ ಇಲಾಖೆ ತನಿಖೆ ಮಾಡಿಸಿತು. ಇಂಥ ಹೆಣ್ಣುಮಕ್ಕಳ ಸಂಖ್ಯೆ 2 ಸಾವಿರಕ್ಕೂ ಹೆಚ್ಚೆಂದು ಪತ್ರಿಕೆಗಳಲ್ಲಿ ಬಂತು. ಅವರಲ್ಲಿ ಬಹಳ ಮಂದಿ ನಲವತ್ತರ ಒಳಗಿನವರು. ನ್ಯಾಯ ಸಿಗದೆ 2017ರ ಫೆಬ್ರವರಿಯಲ್ಲಿ ಅವರು ಕಲಬುರಗಿಯಲ್ಲಿ ಬೀದಿಗಿಳಿದರು. ದನ ಮಾರಿ, ಬಡ್ಡಿಗೆ ಸಾಲ ತಂದು ಆಪರೇಶನ್ ಬಿಲ್ಲು ಕಟ್ಟುವ ಮನೆಗಳು ಇವು. ಅಂಗ ಹೋಯಿತು, ಕೂಲಿ ಮಾಡುವ ಶಕ್ತಿ ಕುಂದಿತು, ಸಾಲ ಉಳಿಯಿತು. ಹಿಂದೆ ಮುಟ್ಟಲು ಒಲ್ಲದ ಕೈ, ಈಗ ಮುಟ್ಟಿತು. ಮುಟ್ಟಿದ್ದು ಕತ್ತರಿ ಹಿಡಿದು.

ಈ ಪ್ರಶ್ನೆ ಅಕ್ಷರ ಬಾರದವರದಷ್ಟೇ ಅಲ್ಲ. ದೆಹಲಿಯಲ್ಲಿ ಒಬ್ಬ ಓದಿದ ಹೆಣ್ಣುಮಗಳು ಪರೀಕ್ಷೆಗೆಂದು ಮಲಗಿದ್ದಾಗ, ಮಂಪರಿನಲ್ಲಿದ್ದ ಆಕೆಯ ಬದಲು ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ ತೆಗೆದುಬಿಟ್ಟಿದ್ದರು. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಜೀವಕ್ಕೆ ತುರ್ತಿಲ್ಲದಾಗ ವಯಸ್ಕ ರೋಗಿಯ ಒಪ್ಪಿಗೆಯನ್ನು ಬೇರೆಯವರು ಕೊಡಲಾಗದು ಎಂದು ಹೇಳಿತು. ತಿಳಿಸಿ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 1986ರಲ್ಲಿ ಗ್ರಾಹಕ ರಕ್ಷಣಾ ಕಾಯಿದೆ ಬಂತು. 1995ರಲ್ಲಿ ಡಾಕ್ಟರರ ಸೇವೆಯೂ ಅದರಡಿ ಬರುತ್ತದೆಂದು ಕೋರ್ಟು ತೀರ್ಪು ಕೊಟ್ಟಿತು. 2017ರಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತರಹೊರಟಾಗ ಖಾಸಗಿ ಡಾಕ್ಟರರು ಮುಷ್ಕರ ಹೂಡಿದರು. ಮಸೂದೆ ಸಡಿಲಗೊಂಡಿತು. ಆದರೂ ರೋಗಿಯ ಹಕ್ಕುಗಳ ಸನ್ನದು ಕಾಯಿದೆಯೊಳಗೆ ಸೇರಿತು.

ಕಾಯಿದೆ ಬೇಕು. ಆದರೆ ಕಾಯಿದೆಯಷ್ಟೇ ಸಾಕೆ? ಗ್ರಾಹಕನಾಗಲು ಕಿಸೆಯಲ್ಲಿ ದುಡ್ಡಿರಬೇಕು. ಅಂಗಡಿ ಬದಲಿಸಿದಂತೆ ದವಾಖಾನೆ ಬದಲಿಸಲು ಕಮಲಾಪುರದ ಕೂಲಿಯವಳಿಗೆ ಆಗುವುದಿಲ್ಲ. ಮೇಲಾಗಿ ಬೇನೆ ಎಂಬುದು ಒಂದು ದಿನದ ವ್ಯವಹಾರವಲ್ಲ. ಅವಳು ಯಾವ ಹೊಲದಲ್ಲಿ ದುಡಿಯುತ್ತಾಳೆ, ಏನು ಉಣ್ಣುತ್ತಾಳೆ, ಗಂಡ ಹೊಡೆಯುತ್ತಾನೆಯೆ, ಎಷ್ಟು ಸಲ ಹಡೆದಿದ್ದಾಳೆ, ಇವನ್ನೆಲ್ಲ ಬಲ್ಲ ಡಾಕ್ಟರಿಗೆ ಸೊಂಟನೋವಿನ ಅರ್ಥ ಬೇರೆಯಾಗಿ ಕಾಣುತ್ತದೆ. ಓದಿದವರು ನೆನೆಯುವ ಕುಟುಂಬ ವೈದ್ಯನಲ್ಲಿ ನಿಜವಾದ ಬೆಲೆಯಿದ್ದದ್ದು ಇದಕ್ಕೆ.

ಹಳ್ಳಿಗಳಲ್ಲಿ ಬೈಕಿನ ಮೇಲೆ ತಿರುಗಿ ಸೂಜಿ ಮಾಡುವ, ಜನ ‘ಆರೆಂಪಿ’ ಎನ್ನುವ, ಪದವಿ ಇಲ್ಲದ ಡಾಕ್ಟರರ ಬಳಿ ನಮ್ಮವರು ಯಾಕೆ ಹೋಗುತ್ತಾರೆ? ಬೇಡದ ಸಲಾಯಿನ್ ಹಚ್ಚುತ್ತಾನೆ, ಕೆಲವೊಮ್ಮೆ ಜೀವಕ್ಕೂ ಎರವಾಗುತ್ತಾನೆ. ಆದರೆ ಕರೆದಾಗ ಬರುತ್ತಾನೆ, ಹೊರಸಿನ ಮೇಲೆ ಕೂಡುತ್ತಾನೆ, “ಏನ್ ಆಗ್ಯಾದ ಯವ್ವಾ?” ಅನ್ನುತ್ತಾನೆ, ಉದ್ರಿ ಬಿಡುತ್ತಾನೆ. ಇದು ಜನರ ಮೂಢತನವಲ್ಲ. ಪದವಿ ಇದ್ದವರು ಖಾಲಿ ಬಿಟ್ಟ ಜಾಗದಲ್ಲಿ ಆತ ಕೂತಿದ್ದಾನೆ.

ಡಾಕ್ಟರರ ಮೇಲೂ ಒತ್ತಡವಿದೆ. ಲಕ್ಷಾಂತರ ಸುರಿದು ಸೀಟು ಕೊಂಡವನಿಂದ ಸೇವೆ ಬಯಸುವುದು ಕಷ್ಟ. ಸರಕಾರಿ ದವಾಖಾನೆಯಲ್ಲಿ ದಿನವಿಡೀ ಸಾಲು ಮುಗಿಸುವವನಿಗೆ ಕೂತು ಮಾತಾಡಲು ಪುರಸೊತ್ತಿಲ್ಲ. ಸಿಟ್ಟಿನಲ್ಲಿ ಡಾಕ್ಟರ ಮೇಲೆ ಕೈಮಾಡುವುದೂ ನಡೆದಿದೆ. ಅದು ಬಂಡಾಯವಲ್ಲ. ಬಂಡಾಯ ಎಂದರೆ ಪ್ರಶ್ನೆ.

ಹಾಗಾದರೆ ನಂಬಿಕೆ ಎಂದರೇನು? ಪ್ರಶ್ನಿಸಿದರೂ ಮುನಿಯದವರ ಮೇಲೆ ಹುಟ್ಟುವುದು ನಂಬಿಕೆ. ಅದು ರೋಗಿ ಡಾಕ್ಟರಿಗೆ ಸಲ್ಲಿಸಬೇಕಾದ ಕಪ್ಪಕಾಣಿಕೆಯಲ್ಲ. ಡಾಕ್ಟರು ಉತ್ತರ ಕೊಟ್ಟು ಕೊಟ್ಟು ಗಳಿಸಬೇಕಾದದ್ದು. ‘ದೇವರಂಥ ಡಾಕ್ಟರು’ ನಮಗೆ ಬೇಡ. ದೇವರನ್ನು ಯಾರೂ ಲೆಕ್ಕ ಕೇಳುವುದಿಲ್ಲ. ನಮ್ಮನ್ನು ಮುಟ್ಟಿ ನೋಡುವ, ನಮಗೆ ಲೆಕ್ಕ ಕೊಡುವ ಮನುಷ್ಯ ಸಾಕು.

ಗೆಳೆಯರೆ, ಇದಕ್ಕೆ ಎರಡು ಕೆಲಸ ಮಾಡಬೇಕಿದೆ. ಕೇರಿಗೆ, ತಾಂಡಾಕ್ಕೆ ಹತ್ತಿರದ ಸರಕಾರಿ ದವಾಖಾನೆಯಲ್ಲಿ ಡಾಕ್ಟರು ಇರಲೇಬೇಕು, ಹಲವು ವರ್ಷ ಅಲ್ಲಿಯೇ ಇರಬೇಕು ಎಂದು ಹೋರಾಡುವುದು ಒಂದು. ಇನ್ನೊಂದಕ್ಕೆ ಸರಕಾರದ ಅಪ್ಪಣೆ ಬೇಕಿಲ್ಲ. ಕಲಬುರಗಿಗೆ ಹೊರಟ ಅವ್ವನ ಜೊತೆ ನಿಮ್ಮಲ್ಲೊಬ್ಬರು ಬಸ್ಸು ಹತ್ತಿ. ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಮೂರು ಮಾತು ಅವಳ ಬಾಯಿಂದಲೇ ಬರಲಿ: “ನನಗೇನ್ ಆಗ್ಯಾದ್ರೀ? ಇದು ಮಾಡಸ್ಲಿಲ್ಲಂದ್ರ ಏನ್ ಆಗ್ತದ? ಬ್ಯಾರೆ ದಾರಿ ಅದನು?”